ಸಭೆಯ ಹಿಂದಿನ ಕುರ್ಚಿ

ಮುಂಬಯಿ ಬಳಿಯ ಉಲ್ಹಾಸನಗರದ ನಾಲ್ಕನೇ ಕ್ಯಾಂಪಿನಲ್ಲಿ ನನ್ನ ಮನೆ. ಕೆಲವು ವರ್ಷ ಒಬ್ಬ ನಗರಸೇವಕರಿಗೆ, ಅಂದರೆ ಪಾಲಿಕೆ ಸದಸ್ಯರಿಗೆ, ಮಹಾಸಭೆಯ ಪ್ರಶ್ನೆ, ಠರಾವುಗಳ ಕರಡು ಬರೆದುಕೊಟ್ಟವನು ನಾನು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಸಿಂಧಿ, ಕರಡು ಮಾತ್ರ ಮರಾಠಿ. ‘ನೀರು ಬರುತ್ತಿಲ್ಲ’ ಎಂದಷ್ಟೇ ಬರೆದರೆ, ಅಧಿಕಾರಿಗಳು ‘ಕ್ರಮ ಕೈಗೊಳ್ಳಲಾಗುತ್ತಿದೆ’ ಅಂದುಬಿಟ್ಟರೆ ಮುಗಿಯಿತು. ಯಾವ ಗಲ್ಲಿ, ಯಾವ ದಿನ, ಎಷ್ಟು ಗಂಟೆ ಎಂದು ಕೇಳಿದರೆ ಫೈಲು ಬಿಚ್ಚಲೇಬೇಕು.

ಅದಕ್ಕೇ ಇರಬೇಕು, ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರ ಮೇಲೆ ನನಗೆ ತುಸು ಹೆಚ್ಚೇ ಅಭಿಮಾನ. ಐ.ಸಿ.ಎಸ್. ಅಧಿಕಾರಿ. 1925ರಿಂದ ಸುಮಾರು ಎಂಟು ವರ್ಷ ಅಸ್ಸಾಮಿನಲ್ಲಿ ಶಾಸನ ಪರಿಷತ್ತಿನ ಕಾರ್ಯದರ್ಶಿ. ಅಂದರೆ ಮಾತಾಡುವವರ ಹಿಂದೆ ಕೂತು ಬರೆಯುವ ಕೆಲಸ. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ, 1944ರಲ್ಲಿ ಜಮ್ಮು-ಕಾಶ್ಮೀರದ ಪ್ರಧಾನಿ, 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರ. ಆ ಸಭೆಯಲ್ಲಿ ಅವರಿಗೆ ಒಂದು ಮತವೂ ಇರಲಿಲ್ಲ. 1947ರ ಅಕ್ಟೋಬರಿನಲ್ಲಿ ಅವರು ಒಪ್ಪಿಸಿದ ಕರಡಿನಲ್ಲಿ 243 ವಿಧಿಗಳಿದ್ದವು. ಅಂಬೇಡ್ಕರರ ಸಮಿತಿ ಅದನ್ನು ಬಿಚ್ಚಿ ಹೊಲಿಯಿತು, ಸಭೆಯಲ್ಲಿ 2,473 ತಿದ್ದುಪಡಿಗಳು ಮಂಡನೆಯಾದವು, ಕಡೆಗೆ ವಿಧಿಗಳು 395 ಆದವು. ತಾನು ಬರೆದದ್ದನ್ನು ಇಷ್ಟು ಕೈಗಳು ಕೆದಕಿದರೆ ಯಾವ ಸಾಹೇಬರು ಸುಮ್ಮನಿದ್ದಾರು? 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ತಮಗೆ ಕೊಟ್ಟ ಶ್ರೇಯಸ್ಸನ್ನು ಹಂಚುವಾಗ ಮೊದಲು ಎತ್ತಿದ್ದು ರಾಯರ ಹೆಸರು.

ನಮ್ಮೂರಲ್ಲಿ ಆದದ್ದು ತಿರುಗಾಮುರುಗಾ. ಪಾಲಿಕೆಯ ಸಭೆಯ ಅವಧಿ 2022ರ ಏಪ್ರಿಲಿಗೆ ಮುಗಿಯಿತು; ಚುನಾವಣೆ ಬಂದದ್ದು 2026ರ ಜನವರಿಗೆ. ನಡುವೆ ಪ್ರಶಾಸಕರ, ಅಂದರೆ ಸರ್ಕಾರ ನೇಮಿಸಿದ ಅಧಿಕಾರಿಯ ಆಡಳಿತ. ಕಲ್ಯಾಣ-ಡೊಂಬಿವಲಿಯಲ್ಲಿ, ನವಿ ಮುಂಬಯಿಯಲ್ಲಿ ಅದು 2020ರಿಂದಲೇ. ಪ್ರಸ್ತಾವ ತರುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಕೆಲವು ಕೆಲಸ ಬೇಗ ಆಗಿರಬಹುದು, ಇಲ್ಲವೆನ್ನಲಾರೆ. ಆದರೆ ಯಾವ ಗಲ್ಲಿ, ಯಾವ ದಿನ ಎಂದು ನಿಂತು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ನಗರ ಆಳಲು ಬರುವ ಅಧಿಕಾರಿಗಳನ್ನು ಮೊದಲು ಒಂದು ವರ್ಷ ನಗರಸಚಿವರ, ಅಂದರೆ ಪಾಲಿಕೆ ಸಭೆಯ ಕಾರ್ಯದರ್ಶಿಯ ವಿಭಾಗದಲ್ಲಿ ಕೂರಿಸಬೇಕು ಅನ್ನುತ್ತೇನೆ. ಠರಾವು ಬರೆಯಲಿ, ಅದನ್ನು ಸಭೆ ಹರಿದುಹಾಕುವುದನ್ನು ನೋಡಲಿ, ಮತ್ತೆ ಬರೆಯಲಿ. ಆಯುಕ್ತರ ಕುರ್ಚಿ ಆಮೇಲೆ.