ರಕ್ತನಾಳ ಪೆಡಸಾಗುವ ಮುನ್ನ

ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್‌ನಂತಹ ಹೆದ್ದಾರಿ ಊರಿನಲ್ಲಿ ಹೃದಯಾಘಾತವಾದರೆ ತಜ್ಞ ಚಿಕಿತ್ಸೆಗೆ ದೂರ ಸಾಗಬೇಕು. 2021ರಲ್ಲಿ 46ನೇ ವಯಸ್ಸಿಗೇ ಅಗಲಿದ ಪುನೀತ್ ರಾಜಕುಮಾರ್ ಹೆಸರಿನಲ್ಲಿ 2023ರಲ್ಲಿ ರೂಪುಗೊಂಡ ‘ಹೃದಯ ಜ್ಯೋತಿ’ ಯೋಜನೆಯು ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದಿರುವುದು ಸ್ವಾಗತಾರ್ಹ. ಆದರೆ ಅದು ಆಘಾತದ ನಂತರದ ಆಸರೆ.

ಅದಕ್ಕೂ ವರ್ಷಗಳ ಮೊದಲೇ ರಕ್ತನಾಳಗಳು ಹಿಗ್ಗುವ ಗುಣ ಕಳೆದುಕೊಂಡು ಪೆಡಸಾಗತೊಡಗುತ್ತವೆ. ಹೃದಯದ ದುಡಿಮೆ ಹೆಚ್ಚುತ್ತದೆ. ನೋವಿಲ್ಲದ ಈ ಬದಲಾವಣೆಯನ್ನು ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ತ್ವರಿತಗೊಳಿಸುತ್ತವೆ; ನಿತ್ಯದ ನಡಿಗೆ, ಸಾಕಷ್ಟು ನಿದ್ರೆ, ಹಿತಮಿತ ಆಹಾರ ನಿಧಾನಗೊಳಿಸುತ್ತವೆ. ಜೋಳದ ರೊಟ್ಟಿ, ಕಾಳುಪಲ್ಯೆಯ ನಮ್ಮ ಊಟಕ್ಕೆ ದೋಷವಿಲ್ಲ. ದೋಷವಿರುವುದು ಗುಟ್ಕಾದಲ್ಲಿ, ಮಿತಿಮೀರಿದ ಉಪ್ಪಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆಯಿರಬೇಕು.

ಚುಚ್ಚುಮದ್ದಿಗೆ ತೋರಿದ ಕಾಳಜಿಯನ್ನು ಸರ್ಕಾರ ಊರೂರಲ್ಲೂ ನಿಯಮಿತವಾಗಿ ರಕ್ತದೊತ್ತಡ ಅಳೆಯುವುದಕ್ಕೂ ತೋರಲಿ. ಆಸ್ಪತ್ರೆ ದೂರವಿರುವಲ್ಲಿ ಒಳ್ಳೆಯ ಅಭ್ಯಾಸವೇ ಮೊದಲ ಚಿಕಿತ್ಸೆ.