ಟಾಪ್ 50 ಪಟ್ಟಿಯಲ್ಲಿ ತುಮಕೂರಿನ ಹಾಡು ಯಾಕಿಲ್ಲ? ನಷ್ಟ ಯಾರಿಗೆ?

ಬೆಳ್ಳಾವಿ: ಸ್ಪಾಟಿಫೈ ಆ್ಯಪ್ ತೆರೆದರೆ ದೇಶದ ಟಾಪ್ 50 ಹಾಡುಗಳ ಪಟ್ಟಿ ಸಿಗುತ್ತೆ. ಬೆಂಗಳೂರು, ಚೆನ್ನೈ, ಹೈದರಾಬಾದ್‌ನಂಥ ದೊಡ್ಡ ನಗರಗಳಿಗೆ ಬೇರೆ ಪಟ್ಟಿನೇ ಇದೆ. ತುಮಕೂರು ಜಿಲ್ಲೆಗೆ ಅಂತ ಯಾವ ಪಟ್ಟಿಯೂ ಇಲ್ಲ. ಇಲ್ಲದಿದ್ರೆ ಏನೀಗ, ಹಾಡು ಕೇಳೋಕೆ ಪಟ್ಟಿ ಯಾಕೆ ಅಂತ ಅನ್ನಿಸಬಹುದು. ಆದರೆ ಯಾವ ಹಾಡನ್ನ ಎಷ್ಟು ಜನ ಕೇಳಿದ್ರು ಅನ್ನೋ ಲೆಕ್ಕದ ಮೇಲೇ ಇವತ್ತು ಹಾಡುಗಾರರ ಸಂಪಾದನೆ ನಿಂತಿದೆ. ಆ ಲೆಕ್ಕಕ್ಕೆ ಸಿಗದ ಹಾಡುಗಾರರು, ವಾದ್ಯದವರು ಈ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ.

ಒಂದೇ ಜಿಲ್ಲೆ, ಕಿವಿ ಹಲವು

ಹತ್ತು ತಾಲ್ಲೂಕಿನ ಈ ಜಿಲ್ಲೆಯಲ್ಲೇ ಕೇಳೋ ಹಾಡು ಒಂದೇ ಥರ ಇಲ್ಲ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಅಲ್ಲಿ ಮನೆಮಾತು ತೆಲುಗು ಆಗಿರೋ ಕುಟುಂಬಗಳು ಬಹಳ. ಹಾಗಾಗಿ ಹೊಸ ತೆಲುಗು ಸಿನಿಮಾ ಹಾಡಿಗೆ ಅಲ್ಲಿ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಶಿರಾ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡ್ತಾರೆ, ಜೊತೆಗೆ ಉದ್ದನೆಯ ಬಿದಿರಿನ ಗಣೆ ಊದ್ತಾರೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸುತ್ತ ಬಾಡಿಗೆ ರೂಮುಗಳಲ್ಲಿರೋ ಬಿಹಾರ, ಒಡಿಶಾ ಕಾರ್ಮಿಕರ ಮೊಬೈಲಲ್ಲಿ ಭೋಜ್‌ಪುರಿ, ಒಡಿಯಾ ಹಾಡು.

ಗುಬ್ಬಿ, ಕುಣಿಗಲ್, ತುರುವೇಕೆರೆ, ಬೆಳ್ಳಾವಿ ಹೋಬಳಿ ಕಡೆ ಬಂದರೆ ಕಥೆ ಬೇರೆ. ಇಲ್ಲಿ ಸಿನಿಮಾ ಹಾಡಿನ ಪಕ್ಕದಲ್ಲೇ ಪೌರಾಣಿಕ ನಾಟಕದ ಹಾಡು ಇದೆ. ಹಬ್ಬ, ಜಾತ್ರೆ ಬಂತು ಅಂದ್ರೆ ‘ಕುರುಕ್ಷೇತ್ರ’ ನಾಟಕ ಆಗಲೇಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಕೂತು ಮಟ್ಟು ಕಲಿಸ್ತಾರೆ. ಪಾತ್ರಕ್ಕೆ ಇಷ್ಟು ಅಂತ ಪಾತ್ರಧಾರಿಗಳೇ ಕೈಯಿಂದ ಹಣ ಹಾಕ್ತಾರೆ. ರಾತ್ರಿ ಶುರುವಾದ ನಾಟಕ ಬೆಳಗಿನ ಜಾವಕ್ಕೆ ಮುಗಿಯುತ್ತೆ. ಶಾಮಿಯಾನದ ಕೆಳಗೆ ಸಾವಿರ ಜನ ಕೂತು ಕೇಳಿದರೂ ಯಾವ ಆ್ಯಪ್‌ನ ಲೆಕ್ಕದಲ್ಲೂ ಅದು ಸೊನ್ನೆ.

ಉತ್ತರ ಕರ್ನಾಟಕ ಲೆಕ್ಕಕ್ಕೆ ಬಂದಿದ್ದು ಹೇಗೆ?

ರಾಜ್ಯದಲ್ಲಿ ಕೇಳುವ ರುಚಿ ಬೇರೆಬೇರೆ ಆಗಿರೋದಕ್ಕೆ ಹಳೆಯ ಕಾರಣಗಳಿವೆ. 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡ, ಬೆಳಗಾವಿ ಮುಂಬೈ ಆಡಳಿತದಲ್ಲಿದ್ದವು, ಕಲಬುರಗಿ ನಿಜಾಮನ ಹೈದರಾಬಾದ್ ಕಡೆ ಇತ್ತು, ತುಮಕೂರು ಮೈಸೂರು ಸಂಸ್ಥಾನದಲ್ಲಿತ್ತು. ರೇಡಿಯೋ ಕೂಡ ಹಾಗೇ. ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಬಾನುಲಿ ಶುರು ಮಾಡಿದ್ರು, ಧಾರವಾಡ ನಿಲಯ 1950ರಲ್ಲಿ ಬಂತು. ಅತ್ತ ಹಿಂದೂಸ್ತಾನಿ, ಇತ್ತ ಕರ್ನಾಟಕ ಸಂಗೀತ. ಕರಾವಳಿಯಲ್ಲಿ ಯಕ್ಷಗಾನದ ಭಾಗವತಿಕೆ, ತುಳು ಹಾಡು.

ಇದರಲ್ಲಿ ಉತ್ತರ ಕರ್ನಾಟಕದವರು ಇತ್ತೀಚಿನ ವರ್ಷಗಳಲ್ಲಿ ಒಂದು ಕೆಲಸ ಮಾಡಿದ್ರು. ಸಿನಿಮಾದವರನ್ನ ಕಾಯದೆ, ತಮ್ಮ ಆಡುಮಾತಿನಲ್ಲೇ ನಾಲ್ಕೈದು ನಿಮಿಷದ ಜಾನಪದ ಶೈಲಿಯ ಹಾಡು ಮಾಡಿ ಯೂಟ್ಯೂಬಿಗೆ ಹಾಕಿದ್ರು. ಟ್ರ್ಯಾಕ್ಟರ್, ಡ್ರೈವರ್, ಪ್ರೀತಿ, ಜಗಳ ಎಲ್ಲ ಅದರಲ್ಲೇ. ಇಂಥ ಹಾಡಿನಿಂದಲೇ ಹೆಸರಾದ ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ 2025ರಲ್ಲಿ ಬಿಗ್ ಬಾಸ್ ಮನೆಗೆ ಹೋದ್ರು. ಅದಕ್ಕೂ ಮೊದಲು ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಸರಿಗಮಪ ವೇದಿಕೆಯಿಂದ ಮನೆಮಾತಾಗಿ, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು.

ಹಳೆ ಮೈಸೂರು ಕಡೆ ಹಾಗಾಗಲಿಲ್ಲ. ಸಿನಿಮಾ ಹಾಡಿನ ಕನ್ನಡ ಮೊದಲಿಂದಲೂ ಬೆಂಗಳೂರು–ಮೈಸೂರು ಕಡೆಯ ಕನ್ನಡಕ್ಕೆ ಹತ್ತಿರ. ಇಲ್ಲಿಯವರಿಗೆ ತಮ್ಮ ಮಾತಿನ ಹಾಡು ಥಿಯೇಟರಲ್ಲೇ ಸಿಕ್ಕಿದ್ದರಿಂದ ಬೇರೆ ಹಾಡು ಮಾಡಿಕೊಳ್ಳೋ ಗರಜು ಬೀಳಲಿಲ್ಲ. ಜೊತೆಗೆ ಇಡೀ ರಾತ್ರಿಯ ನಾಟಕ ಮೊಬೈಲ್ ಪರದೆಗೆ ಒಗ್ಗೋದು ಕಷ್ಟ. ಹಾಡುವವರೂ ಕಸುಬಿನವರಲ್ಲ. ಇವತ್ತು ದುರ್ಯೋಧನ ಆದವರು ನಾಳೆ ತೋಟಕ್ಕೆ ನೀರು ಬಿಡೋಕೆ ಹೋಗ್ತಾರೆ.

ಗಡಿ ದಾಟೋ ಹಾಡು ಯಾವುದು?

ಲೆಕ್ಕಕ್ಕೆ ಸಿಕ್ಕ ಹಾಡಿಗೆ ಗಡಿ ಇಲ್ಲ. 2024ರ ‘ಕೃಷ್ಣಂ ಪ್ರಣಯ ಸಖಿ’ ಸಿನಿಮಾದ ‘ದ್ವಾಪರ’ ಹಾಡಿದ್ದು ಪಂಜಾಬಿನ ಜಸ್ಕರಣ್ ಸಿಂಗ್. 2025ರ ‘ಎಕ್ಕ’ ಸಿನಿಮಾದ ‘ಬ್ಯಾಂಗಲ್ ಬಂಗಾರಿ’ ಹಾಡಿದ್ದು ತಮಿಳುನಾಡಿನ ಜಾನಪದ ಗಾಯಕ ಆಂಟನಿ ದಾಸನ್. ಎರಡೂ ಬೆಳ್ಳಾವಿ ಸಂತೆಯಿಂದ ಬೀದರ್‌ವರೆಗೂ ಮುಟ್ಟಿದವು. ಒಳ್ಳೆ ದನಿ ಎಲ್ಲಿಂದ ಬಂದರೂ ಜನ ಕೇಳ್ತಾರೆ, ಅದರಲ್ಲಿ ತಪ್ಪೇನಿಲ್ಲ. ಪ್ರಶ್ನೆ ಇರೋದು ಇಲ್ಲಿಂದ ಆಚೆ ಏನು ಹೋಗ್ತಿದೆ ಅನ್ನೋದು.

ಒಂದು ಕಾಲದಲ್ಲಿ ಹೋಗ್ತಿತ್ತು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಸುತ್ತಿ ನಾಟಕ ಆಡಿತು. ಅದರ ರಂಗಗೀತೆ ಕೇಳೋಕೆ ಜನ ಗಾಡಿ ಕಟ್ಕೊಂಡು ಬರೋರು. ಅದೇ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕ ನಟ ಆದ್ರು. ಕಂಪನಿಗೆ ಟಿಕೆಟ್ ಲೆಕ್ಕ ಇತ್ತು. ಎಷ್ಟು ಜನ ಬಂದ್ರು, ಎಷ್ಟು ದುಡ್ಡು ಬಂತು ಅಂತ ಗೊತ್ತಿತ್ತು, ಕಲಾವಿದರಿಗೆ ಸಂಬಳ ಇತ್ತು. ಈಗಿನ ಊರ ನಾಟಕಕ್ಕೆ ಟಿಕೆಟ್ಟೂ ಇಲ್ಲ, ವ್ಯೂಸೂ ಇಲ್ಲ.

ಪೆಟ್ಟು ಬೀಳೋದು ಮೇಷ್ಟ್ರಿಗೆ

ಇದರ ಪೆಟ್ಟು ಮೊದಲು ಬೀಳೋದು ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಉರುಮೆ–ತಮಟೆಯವರಿಗೆ. ಜಾತ್ರೆಗೆ ಎತ್ತಿದ ಚಂದಾದಲ್ಲಿ ಡಿಜೆ, ಆರ್ಕೆಸ್ಟ್ರಾಕ್ಕೆ ಕೊಟ್ಟು ಉಳಿದರೆ ಇವರಿಗೆ. ಆರ್ಕೆಸ್ಟ್ರಾದವರು ಹಾಡೋದು ಮತ್ತೆ ಪಟ್ಟಿಯಲ್ಲಿರೋ ಹಾಡನ್ನೇ. ಕೆಲವರು ನಾಟಕ ಪೂರ್ತಿ ಶೂಟ್ ಮಾಡಿ ಯೂಟ್ಯೂಬಿಗೆ ಹಾಕ್ತಾರೆ. ಜಾಹೀರಾತಿನ ಹಣ ಬರಬೇಕಾದ್ರೆ ಚಾನೆಲ್‌ಗೆ 1,000 ಚಂದಾದಾರರು, ವರ್ಷಕ್ಕೆ 4,000 ಗಂಟೆ ವೀಕ್ಷಣೆ ಬೇಕು. ಅಷ್ಟು ಆದರೂ ಹಣ ಹೋಗೋದು ಚಾನೆಲ್ ಇಟ್ಟವರಿಗೆ. ಮಟ್ಟು ಹಾಕಿದ ಮೇಷ್ಟ್ರ ಹೆಸರು ವಿಡಿಯೋ ಕೆಳಗೆ ಇದ್ದರೆ ಅದೇ ದೊಡ್ಡದು.

ಇನ್ನೊಂದು ತೊಂದರೆನೂ ಇದೆ. ವಯಸ್ಸಾದ ಕಲಾವಿದರು ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕೋವಾಗ ಕಲಾಸೇವೆಗೆ ದಾಖಲೆ ಕೊಡಬೇಕು. ಜೀವಮಾನ ಪೂರ್ತಿ ಊರೂರು ಸುತ್ತಿ ನಾಟಕ ಕಲಿಸಿದವರ ಹತ್ತಿರ ಹಳೆಯ ಕರಪತ್ರ, ಒಂದೆರಡು ಶಾಲು ಬಿಟ್ಟರೆ ಏನೂ ಇರಲ್ಲ.

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ನಾಟಕದ ಒಳ್ಳೆಯ ಹತ್ತು ಹಾಡನ್ನ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ, ಮೇಷ್ಟ್ರ ಹೆಸರು, ಊರು, ತಾರೀಕು ಬರೆದು ಹಾಕೋಕೆ ಊರಿನ ಹುಡುಗರ ಹತ್ತಿರ ಇರೋ ಮೊಬೈಲೇ ಸಾಕು. ಹಣ ಬಂದರೆ ಮೇಷ್ಟ್ರಿಗೆ ಎಷ್ಟು ಪಾಲು ಅಂತ ನಾಟಕಕ್ಕೆ ಮೊದಲೇ ಮಾತಾಡಿಕೊಳ್ಳಬಹುದು. ಜಾತ್ರೆ ಸಮಿತಿ ಕರಪತ್ರದಲ್ಲಿ ದಾನಿಗಳ ಫೋಟೋ ಹಾಕೋ ಜಾಗದಲ್ಲೇ ವಾದ್ಯದವರ ಹೆಸರಿಗೂ ಎರಡು ಸಾಲು ಬಿಡಬಹುದು. ಮುಂದೆ ಮಾಸಾಶನದ ಅರ್ಜಿ ಜೊತೆ ಇಡೋಕೆ ಅವರ ಕೈಯಲ್ಲಿ ಆ ಕಾಗದವಾದ್ರೂ ಇರುತ್ತೆ.