ಮೊಟ್ಟೆ ಕಾಯುವ ತಂದೆ



ರಾಮತೀರ್ಥ ನಗರದ ನಮ್ಮ ಮನೆಗೆ ಕಳೆದ ವಾರ ಮೊಮ್ಮಗನು ಗಾಜಿನ ಮೀನುತೊಟ್ಟಿಯೊಂದನ್ನು ತಂದಿರಿಸಿದನು. ಅದರಲ್ಲಿ ಎರಡು ಕುಬ್ಜ ಗೌರಾಮಿಗಳು. "ಗಂಡು-ಹೆಣ್ಣಿನ ಜೋಡಿ ಎಂದು ಕೊಟ್ಟಿದ್ದಾರೆ, ಅಜ್ಜಾ" ಎಂದನು. ನೋಡಿದರೆ ಎರಡರ ಮೈಮೇಲೂ ಕೆಂಪು-ನೀಲಿ ಓರೆಪಟ್ಟೆಗಳು. ಎರಡರ ಬೆನ್ನಿನ ಈಜುರೆಕ್ಕೆಯ ತುದಿಯೂ ಚೂಪು. ಎರಡೂ ಗಂಡುಗಳೇ! ಸಂಜೆಯ ಹೊತ್ತಿಗೆ ಬಲಶಾಲಿಯು ಇನ್ನೊಂದನ್ನು ಮೂಲೆಗೆ ಅಟ್ಟಿತ್ತು.

"ಗಂಡಾದರೇನು, ಹೆಣ್ಣಾದರೇನು, ನೋಡಲು ಚೆಂದವಿದ್ದರೆ ಸಾಕು" ಎನ್ನುವವರುಂಟು. ನಾನು ಇದನ್ನು ಒಪ್ಪಲಾರೆ. ಏಕೆಂದು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಶಿಕ್ಷಕನಾಗಿದ್ದಾಗ ತರಗತಿಯ ಕಿಟಕಿಯ ಬಳಿ ಇಂತಹದೇ ಒಂದು ಜೋಡಿಯನ್ನು ಸಾಕಿದ್ದೆನು. ಬೆಳಗಾವಿಯ ಚಳಿಗೆ ನೀರು ತಣ್ಣಗಾಗದಂತೆ ಮೇಲೊಂದು ವಿದ್ಯುತ್ ಬಲ್ಬನ್ನು ಇಳಿಬಿಟ್ಟಿದ್ದೆನು. ಒಂದು ದಿನ ನೀರಿನ ಮೇಲೆ ನೊರೆಯ ಗೂಡು ಕಾಣಿಸಿತು. ಗೌರಾಮಿಗಳಿಗೆ ಕಿವಿರಿನೊಡನೆ ಗಾಳಿಯನ್ನು ನೇರವಾಗಿ ಉಸಿರಾಡುವ ವಿಶೇಷ ಅಂಗವೂ ಇದೆ. ಹಾಗೆ ಸೇವಿಸಿದ ಗಾಳಿಯನ್ನು ಬಾಯಿಯ ಲೋಳೆಯೊಡನೆ ಗುಳ್ಳೆಗಳನ್ನಾಗಿಸಿ, ಜಲಸಸ್ಯದ ಚೂರುಗಳನ್ನು ಹೆಣೆದು ಗೂಡು ಕಟ್ಟುತ್ತವೆ. ಗೂಡಿನ ಕೆಳಗೆ ಗಂಡು ಹೆಣ್ಣನ್ನು ಬಳಸಿ ಹಿಡಿಯುತ್ತದೆ. ಹೊರಬಿದ್ದ ಮೊಟ್ಟೆಗಳು ಮೇಲಕ್ಕೆ ತೇಲಿ ಗೂಡನ್ನು ಸೇರುತ್ತವೆ.

"ಇನ್ನು ತಾಯಿಯು ಮೊಟ್ಟೆಗಳನ್ನು ಕಾಯುವಳು, ತಂದೆ ತಿಂದುಬಿಟ್ಟಾನು" ಎಂದು ಮಕ್ಕಳಿಗೆ ಹೇಳಿ, ನಾನು ಗಂಡನ್ನು ಬೇರೆ ಪಾತ್ರೆಗೆ ಹಾಕಿದೆನು. ಹಿಂದಿನ ಸಾಲಿನ ಬಾಲಕಿಯೊಬ್ಬಳು ಎದ್ದುನಿಂತು, "ಗುರುಗಳೆ, ನೊರೆ ಕಟ್ಟಿದ್ದು ಬಣ್ಣದ ಮೀನು. ಬಿದ್ದ ಮೊಟ್ಟೆಯನ್ನು ಬಾಯಲ್ಲಿ ಎತ್ತಿಟ್ಟದ್ದೂ ಅದೇ" ಎಂದಳು. "ಕುಳಿತುಕೊ" ಎಂದು ಗದರಿದೆನು. ಮರುದಿನ ಬೆಳಿಗ್ಗೆ ಗೂಡು ಚದುರಿತ್ತು, ಮೊಟ್ಟೆಗಳಿರಲಿಲ್ಲ. ಬೂದುಬಣ್ಣದ ಹೆಣ್ಣು ಮಾತ್ರ ನಿಶ್ಚಿಂತೆಯಿಂದ ಈಜುತ್ತಿತ್ತು.

ಆ ಬಾಲಕಿ ಕಂಡದ್ದೇ ಸತ್ಯವಾಗಿತ್ತು. ಈ ಜಾತಿಯಲ್ಲಿ ಗೂಡು ಕಟ್ಟುವುದು, ಕಾಯುವುದು ಗಂಡಿನ ಕೆಲಸ. ಮೊಟ್ಟೆಯಿಟ್ಟ ಬಳಿಕ ಬೇರ್ಪಡಿಸಬೇಕಾದುದು ಹೆಣ್ಣನ್ನು. ಇಲ್ಲವಾದರೆ ಗಂಡೇ ಅದನ್ನು ಅಟ್ಟಿ ಗಾಯಗೊಳಿಸುವುದುಂಟು. ಸುಮಾರು ಒಂದೂವರೆ ದಿನದೊಳಗೆ ಮೊಟ್ಟೆಯೊಡೆದು, ಮತ್ತೆರಡು-ಮೂರು ದಿನಗಳಲ್ಲಿ ಮರಿಗಳು ಈಜತೊಡಗಿದಾಗ ತಂದೆಯನ್ನೂ ತೆಗೆಯಬೇಕು.

ಇಷ್ಟನ್ನು ತಿಳಿಯಲು ನನಗೆ ಪುಸ್ತಕವೂ ಬೇಕಿರಲಿಲ್ಲ, ಕಣ್ಣು ಸಾಕಾಗಿತ್ತು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವರ ಹೆಸರನ್ನು ಇತಿಹಾಸದ ಪಾಠದಲ್ಲಿ ನೀವು ಕೇಳಿರುವಿರಿ. 1822ರಲ್ಲಿ ಗಂಗಾನದಿಯ ಮೀನುಗಳ ಕುರಿತಾದ ತಮ್ಮ ಗ್ರಂಥದಲ್ಲಿ ಈ ಕುಬ್ಜ ಗೌರಾಮಿಯನ್ನು ವರ್ಣಿಸಿದವರೂ ಅವರೇ. ಅಂದರೆ ಇದು ನಮ್ಮ ದೇಶದ್ದೇ ಮೀನು. ಆದರೂ ನಾವು ಅದರ ಬಣ್ಣವನ್ನಷ್ಟೇ ಕೊಳ್ಳುತ್ತೇವೆ; ಬಣ್ಣವಿಲ್ಲದ ಹೆಣ್ಣನ್ನು ಕೇಳುವವರು ವಿರಳ.

ನಮ್ಮ ಕಲ್ಪನೆಯನ್ನು ಮೀನಿನ ಮೇಲೆ ಹೇರುವ ಚಪಲವೂ ನಮಗಿದೆ. ಚುಂಬಿಸುವ ಗೌರಾಮಿಗಳನ್ನು ಪ್ರೇಮದ ಕುರುಹೆಂದು ಉಡುಗೊರೆ ಕೊಡುತ್ತಾರೆ. ಆ ತುಟಿಗಳ ತಾಕಲಾಟ ಹೆಚ್ಚಾಗಿ ಬಲಪರೀಕ್ಷೆ. ಎರಡು ಗಂಡುಗಳೂ ಹಾಗೆ ಮಾಡುತ್ತವೆ. ಆ ಜಾತಿಯಲ್ಲಿ ಗಂಡು-ಹೆಣ್ಣನ್ನು ಹೊರನೋಟದಿಂದ ಗುರುತಿಸುವುದೂ ಕಷ್ಟ, ಅವು ಗೂಡನ್ನೂ ಕಟ್ಟುವುದಿಲ್ಲ. ಮುತ್ತಿನ ಗೌರಾಮಿಯ ಗಂಡಿಗಾದರೋ ಬೆದೆಯ ಕಾಲದಲ್ಲಿ ಎದೆ ಕೆಂಪೇರುತ್ತದೆ. ಒಂದರ ನಿಯಮ ಇನ್ನೊಂದಕ್ಕಿಲ್ಲ.

ಆದುದರಿಂದ ಮಕ್ಕಳಿಗೆ ಮೀನನ್ನು ಕೊಡಿಸುವವರು ಮೊದಲು ಅದರ ಸಂಸಾರವನ್ನು ಅರಿಯಬೇಕೆಂಬುದು ನನ್ನ ಅಭಿಪ್ರಾಯ. ಮರಿಗಳು ಹೆಚ್ಚಾದವೆಂದು ಕಣಬರ್ಗಿ ಕೆರೆಗೋ, ಖಾನಾಪುರದ ಮಲಪ್ರಭೆಗೋ ಬಿಡಬೇಡಿ. ಅಲ್ಲಿನ ಮೀನುಗಳಿಗೆ ಅದು ಉಪಕಾರವಲ್ಲ.

ಮೊಮ್ಮಗನ ಎರಡನೆಯ ಗಂಡನ್ನು ಸದ್ಯಕ್ಕೆ ಬೇರೆ ಪಾತ್ರೆಯಲ್ಲಿಟ್ಟಿದ್ದೇನೆ. ಆ ಹಿಂದಿನ ಸಾಲಿನ ಬಾಲಕಿ ಇಂದು ಎಲ್ಲಿರುವಳೋ! ಇದನ್ನು ಓದಿದರೆ, ಮಗಳೆ, ನಿನ್ನನ್ನು ಕುಳ್ಳಿರಿಸಬಾರದಾಗಿತ್ತು. ಕ್ಷಮಿಸು.